ಮರ್ದಿತರ ರಕ್ಷಣೆ: ಇಸ್ಲಾಮಿನ ಚಿಂತನೆ, ಕೊಡಗಿನ ನೆಲ



ದಬ್ಬಾಳಿಕೆಗೆ ಸಿಕ್ಕವರನ್ನು ಕಾಪಾಡುವ ಕರ್ತವ್ಯದ ಬಗ್ಗೆ ಇಸ್ಲಾಮಿನ ಚಿಂತಕರು ಏನು ಹೇಳಿದ್ದಾರೆ ಎಂಬುದನ್ನು ಬೇರೆ ಊರಿನಲ್ಲಾದರೆ ಗ್ರಂಥಗಳಿಂದ ಶುರುಮಾಡಬಹುದಿತ್ತು. ಕೊಡಗಿನಲ್ಲಿ ಹಾಗೆ ಮಾಡಿದರೆ ನುಣುಚಿಕೊಂಡಂತಾಗುತ್ತದೆ. ಇಲ್ಲಿ ಇಸ್ಲಾಮು, ದಬ್ಬಾಳಿಕೆ ಎಂಬ ಎರಡು ಮಾತು ಒಟ್ಟಿಗೆ ಬಂದ ಕೂಡಲೇ ಕೇಳುಗರ ಮನಸ್ಸು 1785ಕ್ಕೆ ಹೋಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ನಾನೂ ಅಲ್ಲಿಂದಲೇ ಹೊರಡುತ್ತೇನೆ.

ಆ ವರ್ಷ ಕೊಡಗಿನ ದಂಗೆ ಅಡಗಿಸಲು ಟಿಪ್ಪು ಸುಲ್ತಾನನ ಸೈನ್ಯ ಬಂತು. ಗಂಡಸರು, ಹೆಂಗಸರು, ಮಕ್ಕಳೆನ್ನದೆ ಜನರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಅನೇಕರನ್ನು ಬಲವಂತವಾಗಿ ಮುಸ್ಲಿಮರನ್ನಾಗಿ ಮಾಡಿ ಸುಲ್ತಾನನ ಅಹಮದಿ ದಳಕ್ಕೆ ಸೇರಿಸಿದರು. ಮಡಿಕೇರಿಗೆ ಜಾಫರಾಬಾದ್ ಎಂಬ ಹೆಸರಿಟ್ಟರು. ಪಿರಿಯಾಪಟ್ಟಣದಲ್ಲಿ ಸೆರೆಯಲ್ಲಿದ್ದ ರಾಜಕುಮಾರ ವೀರರಾಜೇಂದ್ರ 1788ರಲ್ಲಿ ತಪ್ಪಿಸಿಕೊಂಡು ಬಂದು ಮತ್ತೆ ಸೈನ್ಯ ಕಟ್ಟಿದ ಕಥೆ ಇಲ್ಲಿನ ಮಕ್ಕಳಿಗೂ ಗೊತ್ತು. ಸೆರೆಯಾದವರ ಸಂಖ್ಯೆ ಎಷ್ಟೆಂಬ ಬಗ್ಗೆ ಪರ್ಷಿಯನ್ ಬರಹಗಳು ಒಂದು ಹೇಳುತ್ತವೆ, ಇಂಗ್ಲಿಷರ ಬರಹಗಳು ಇನ್ನೊಂದು ಹೇಳುತ್ತವೆ. ಆ ಲೆಕ್ಕದ ಜಗಳದಲ್ಲಿ ಎರಡು ಕಡೆಯವರೂ ಇನ್ನೂರು ವರ್ಷ ಕಳೆದಿದ್ದಾರೆ. ಭಾಗಮಂಡಲದ ಕಡೆಯ ದೇವಟ್ಟಿಪರಂಬನ್ನು ಕೊಡವರು ತಮ್ಮ ಹಿರಿಯರು ಹತರಾದ ನೆಲವೆಂದು ಇಂದಿಗೂ ನೆನೆಯುತ್ತಾರೆ. ಮನೆಯಿಂದ ಎಳೆದೊಯ್ದ ಒಂದು ಮಗುವಿನ ವಿಷಯದಲ್ಲಿ ಸಂಖ್ಯೆಯ ವಾದಕ್ಕೆ ಬೆಲೆಯಿಲ್ಲ.

ಇದೇ ಟಿಪ್ಪು 1791ರಲ್ಲಿ ಮರಾಠರ ದಂಡು ಶೃಂಗೇರಿಯನ್ನು ಲೂಟಿ ಮಾಡಿದಾಗ ಮಠದ ಸ್ವಾಮಿಗಳಿಗೆ ಪತ್ರ ಬರೆದು, ಶಾರದಾ ದೇವಿಯ ಪುನಃ ಪ್ರತಿಷ್ಠೆಗೆ ಹಣ, ಸಾಮಗ್ರಿ ಕಳಿಸಿದ. ಆ ಕನ್ನಡ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ಆರ್. ನರಸಿಂಹಾಚಾರ್ಯರು. ಎರಡೂ ನಿಜ. ಆದರೆ ನಮ್ಮಲ್ಲಿ ಒಂದು ಚಾಳಿ ಬೆಳೆದಿದೆ: ಒಬ್ಬರು ಶೃಂಗೇರಿಯನ್ನು ತೋರಿಸಿ ಕೊಡಗನ್ನು ಮುಚ್ಚುತ್ತಾರೆ, ಇನ್ನೊಬ್ಬರು ಕೊಡಗನ್ನು ತೋರಿಸಿ ಶೃಂಗೇರಿಯನ್ನು ಅಳಿಸುತ್ತಾರೆ. ಇಸ್ಲಾಮಿನ ಧರ್ಮಶಾಸ್ತ್ರ ಈ ಕೂಡು-ಕಳೆ ಲೆಕ್ಕವನ್ನು ಒಪ್ಪುವುದಿಲ್ಲ. ಮನುಷ್ಯರಿಗೆ ಮಾಡಿದ ಅನ್ಯಾಯವನ್ನು, ಅನ್ಯಾಯಕ್ಕೊಳಗಾದವನೇ ಕ್ಷಮಿಸದ ಹೊರತು, ಬೇರೆ ಯಾವ ಪುಣ್ಯಕಾರ್ಯವೂ ತೊಳೆಯದು ಎಂಬುದು ಅಲ್ಲಿನ ದೃಢ ನಿಲುವು. ಪ್ರವಾದಿ ಮುಹಮ್ಮದರು ತಮ್ಮ ಶಿಷ್ಯ ಮುಆದ್ ಅವರನ್ನು ಯಮನ್ ಪ್ರಾಂತ್ಯಕ್ಕೆ ಕಳಿಸುವಾಗ, ಮರ್ದಿತನ ಮೊರೆಗೆ ಹೆದರಬೇಕು, ಅದಕ್ಕೂ ದೇವರಿಗೂ ನಡುವೆ ಪರದೆಯಿಲ್ಲ ಎಂಬರ್ಥದ ಎಚ್ಚರಿಕೆ ಕೊಟ್ಟರು. ಮೊರೆಯಿಡುವವನು ಯಾವ ಧರ್ಮದವನಾದರೂ ಅದು ಮುಟ್ಟುತ್ತದೆ ಎಂದು ಹೇಳುವ ಹದೀಸ್ ಕೂಡ ಇದೆ. ಆ ನಿಯಮದ ಪ್ರಕಾರ 1785ರಲ್ಲಿ ಕೊಡಗಿನವರ ಮೊರೆ ಸುಲ್ತಾನನ ವಿರುದ್ಧ ದೇವರ ಮುಂದೆ ನಿಂತಿದೆ. ಧರ್ಮದಲ್ಲಿ ಬಲಾತ್ಕಾರವಿಲ್ಲವೆಂದ ಕುರ್‌ಆನ್‌ನ ಎರಡನೆಯ ಅಧ್ಯಾಯ ಓದಿದ ಯಾವ ಮುಸ್ಲಿಮನಿಗೂ ಇದನ್ನು ಒಪ್ಪಲು ಹಿಂಜರಿಕೆ ಬೇಕಿಲ್ಲ.

ಆ ಸೆರೆಯ ಬದುಕಿರುವ ಸಾಕ್ಷಿ ನಮ್ಮ ನಡುವೆಯೇ ಇದೆ. ಶ್ರೀರಂಗಪಟ್ಟಣದಿಂದ ತಪ್ಪಿಸಿಕೊಂಡು ಬಂದವರಲ್ಲಿ ಕೆಲವರು ಮುಸ್ಲಿಮರಾಗಿಯೇ ಉಳಿದರು. ಅವರೇ ಕೊಡವ ಮಾಪಿಳ್ಳೆಗಳು. ಕೇರಳದ ಮಾಪಿಳ್ಳೆಗಳ ಜೊತೆ, ಬ್ಯಾರಿಗಳ ಜೊತೆ ನೆಂಟಸ್ತನ ಬೆಳೆಸಿದರು. ಆದರೆ ಒಕ್ಕದ ಹೆಸರು ಬಿಡಲಿಲ್ಲ, ಕೊಡವ ತಕ್ಕ್ ಭಾಷೆ ಬಿಡಲಿಲ್ಲ. ಆಲೀರ, ದುದ್ದಿಯಂಡ, ಚಿಮ್ಮಚೀರ ಎಂಬ ಮನೆತನದ ಹೆಸರುಗಳನ್ನು ವಿರಾಜಪೇಟೆ ಕಡೆಯ ಮದುವೆ ಪತ್ರಿಕೆಗಳಲ್ಲಿ ಇಂದಿಗೂ ಓದಬಹುದು. ಒಂದು ದೌರ್ಜನ್ಯದ ನೆನಪೂ ಒಂದು ಶ್ರದ್ಧೆಯೂ ಒಂದೇ ಮನೆಯೊಳಗೆ ಬದುಕಿರುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ. 2015ರ ನವೆಂಬರ್ 10ರಂದು ಟಿಪ್ಪು ಜಯಂತಿಯ ಹೆಸರಿನಲ್ಲಿ ಈ ಮಡಿಕೇರಿಯ ಬೀದಿಯಲ್ಲಿ ನಡೆದ ಗಲಭೆಯನ್ನು, ಹೋದ ಜೀವಗಳನ್ನು ನಾವು ಮರೆತಿಲ್ಲ. 2019ರಲ್ಲಿ ಸರ್ಕಾರ ಆ ಆಚರಣೆಯನ್ನು ನಿಲ್ಲಿಸಿತು. ಆದರೆ ಆ ಗಲಾಟೆಯ ದಿನಗಳಲ್ಲಿ ಈ ಮನೆತನಗಳನ್ನು ಕರೆದು ನಿಮ್ಮ ಅಜ್ಜಂದಿರು ಏನು ಹೇಳುತ್ತಿದ್ದರು ಎಂದು ಕೇಳಿದವರು ಎರಡು ಬಣದಲ್ಲೂ ತೀರಾ ಕಡಿಮೆ.

ಈಗ ಗ್ರಂಥಗಳಿಗೆ ಬರುತ್ತೇನೆ.

ಕ್ರಿ.ಶ. 590ರ ಸುಮಾರಿನಲ್ಲಿ ಯಮನ್‌ನ ವ್ಯಾಪಾರಿಯೊಬ್ಬ ಸರಕು ತೆಗೆದುಕೊಂಡು ಮಕ್ಕಾಕ್ಕೆ ಬಂದ. ಆಸ್ ಇಬ್ನ್ ವಾಇಲ್ ಎಂಬ ಖುರೈಷ್ ಮುಖಂಡ ಸರಕು ಕೊಂಡು ದುಡ್ಡು ಕೊಡಲಿಲ್ಲ. ಪರವೂರಿನವನ ಪರವಾಗಿ ನಿಲ್ಲುವವರು ಯಾರು? ವ್ಯಾಪಾರಿ ಅಬೂ ಖುಬೈಸ್ ಗುಡ್ಡ ಹತ್ತಿ, ಕಾಬಾದ ಸುತ್ತ ಕೂತಿದ್ದ ಹಿರಿಯರಿಗೆ ಕೇಳುವಂತೆ ತನಗಾದ ಮೋಸವನ್ನು ಕೂಗಿ ಹೇಳಿದ. ಕೆಲವು ಕುಲಗಳ ಮುಖಂಡರು ಅಬ್ದುಲ್ಲಾ ಇಬ್ನ್ ಜುದ್‌ಆನ್ ಮನೆಯಲ್ಲಿ ಸೇರಿ ಪ್ರತಿಜ್ಞೆ ಮಾಡಿದರು: ಮಕ್ಕಾದಲ್ಲಿ ಅನ್ಯಾಯಕ್ಕೊಳಗಾದವನು ಊರಿನವನೇ ಇರಲಿ, ಹೊರಗಿನವನೇ ಇರಲಿ, ಅವನಿಗೆ ಬರಬೇಕಾದದ್ದು ಬರುವವರೆಗೆ ನಾವೆಲ್ಲ ಅವನ ಪಕ್ಷ. ನೇರವಾಗಿ ಆಸ್‌ನ ಮನೆಗೆ ಹೋಗಿ ಸರಕು ಬಿಡಿಸಿಕೊಟ್ಟರು. ಅಂದು ಆ ಸಭೆಯಲ್ಲಿದ್ದವರಲ್ಲಿ ಇಪ್ಪತ್ತರ ಆಸುಪಾಸಿನ ಮುಹಮ್ಮದ್ ಒಬ್ಬರು. ಪ್ರವಾದಿಯಾದ ಮೇಲೂ ಅವರು ಆ ಒಪ್ಪಂದವನ್ನು ಹೆಮ್ಮೆಯಿಂದ ನೆನೆದರು, ಈಗ ಕರೆದರೂ ಬರುತ್ತೇನೆ ಎಂಬ ಅರ್ಥದ ಮಾತಾಡಿದರು. ಹಿಲ್ಫುಲ್ ಫುದೂಲ್ ಎಂದು ಹೆಸರಾದ ಈ ಒಪ್ಪಂದದಲ್ಲಿ ಮುಸ್ಲಿಮರು ಯಾರೂ ಇರಲಿಲ್ಲ; ಇಸ್ಲಾಮೇ ಇನ್ನೂ ಬಂದಿರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಅನ್ಯಧರ್ಮೀಯರ ಜೊತೆ ಸೇರಿ ನ್ಯಾಯಕ್ಕಾಗಿ ಕೆಲಸ ಮಾಡಬಹುದೇ ಎಂದು ಇಂದು ಅನುಮಾನಿಸುವ ಮುಸ್ಲಿಮರಿಗೆ ಪ್ರವಾದಿಯ ಬದುಕೇ ಕೊಟ್ಟ ಉತ್ತರ ಅದು.

ಅದೇ ಆಸ್‌ನ ಮಗ ಅಮ್ರ್ ಮುಂದೆ ಮುಸ್ಲಿಮನಾಗಿ ಈಜಿಪ್ಟಿನ ರಾಜ್ಯಪಾಲನಾದ. ಅಮ್ರ್‌ನ ಮಗ ಅಲ್ಲಿನ ಕ್ರೈಸ್ತನೊಬ್ಬನಿಗೆ ಕುದುರೆ ಓಟದ ವಿಷಯದಲ್ಲಿ ಚಾಟಿಯಿಂದ ಹೊಡೆದ. ಪೆಟ್ಟು ತಿಂದವನು ಮದೀನಾದವರೆಗೆ ಬಂದು ಖಲೀಫ ಉಮರ್ ಮುಂದೆ ದೂರು ಕೊಟ್ಟ. ಉಮರ್ ತಂದೆ-ಮಗ ಇಬ್ಬರನ್ನೂ ಕರೆಸಿ, ಚಾಟಿಯನ್ನು ಆ ಕ್ರೈಸ್ತನ ಕೈಗೆ ಕೊಟ್ಟರು ಎಂದು ಈಜಿಪ್ಟಿನ ಹಳೆಯ ಇತಿಹಾಸಕಾರ ಇಬ್ನ್ ಅಬ್ದುಲ್ ಹಕಮ್ ದಾಖಲಿಸಿದ್ದಾನೆ. ಅಜ್ಜ ಮಾಡಿದ ಅನ್ಯಾಯಕ್ಕೆ ಅಡ್ಡ ನಿಂತವರು ಇಸ್ಲಾಮಿಗೆ ಮುಂಚಿನ ಅರಬರು. ಮೊಮ್ಮಗ ಮಾಡಿದ ಅನ್ಯಾಯಕ್ಕೆ ಅಡ್ಡ ನಿಂತವರು ಇಸ್ಲಾಮಿನ ಖಲೀಫರು.

ನಿನ್ನ ಸಹೋದರ ಅನ್ಯಾಯಕ್ಕೊಳಗಾದಾಗಲೂ ಅನ್ಯಾಯ ಮಾಡಿದಾಗಲೂ ಅವನಿಗೆ ನೆರವಾಗು ಎಂಬ ಅರ್ಥದ ಹದೀಸನ್ನು ನೀವು ಕೇಳಿರಬಹುದು. ಅನ್ಯಾಯ ಮಾಡುವವನಿಗೆ ನೆರವು ಹೇಗೆ ಎಂದು ಶಿಷ್ಯರು ಬೆರಗಾದರು. ಅವನ ಕೈ ತಡೆಯುವುದೇ ಅವನಿಗೆ ಮಾಡುವ ನೆರವು ಎಂದು ಪ್ರವಾದಿಗಳು ವಿವರಿಸಿದರು. ಈ ಉಪನ್ಯಾಸದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಆ ಉತ್ತರದಲ್ಲಿದೆ. ಪರರ ದಬ್ಬಾಳಿಕೆಯ ವಿರುದ್ಧ ಮಾತಾಡಲು ಧರ್ಮವೇ ಬೇಕಿಲ್ಲ, ಸಿಟ್ಟು ಸಾಕು. ತಮ್ಮವನ ಕೈ ಹಿಡಿದು ನಿಲ್ಲಿಸುವುದಕ್ಕೆ ಧರ್ಮ ಬೇಕು. ಕುರ್‌ಆನ್‌ನ ನಾಲ್ಕನೆಯ ಅಧ್ಯಾಯ ನ್ಯಾಯಕ್ಕಾಗಿ ಸ್ವಂತದವರ, ತಂದೆ-ತಾಯಿಯರ ವಿರುದ್ಧವೂ ಸಾಕ್ಷಿ ಹೇಳಬೇಕೆಂದು ಕಟ್ಟಪ್ಪಣೆ ಮಾಡುವುದು, ಐದನೆಯ ಅಧ್ಯಾಯ ಒಂದು ಜನಾಂಗದ ಮೇಲಿನ ದ್ವೇಷ ನಿಮ್ಮನ್ನು ನ್ಯಾಯದಿಂದ ಸರಿಸಬಾರದೆಂದು ಎಚ್ಚರಿಸುವುದು ಇದಕ್ಕೇ.

ನಾಲ್ಕನೆಯ ಅಧ್ಯಾಯದಲ್ಲೇ ಇನ್ನೊಂದು ವಚನವಿದೆ. ದಬ್ಬಾಳಿಕೆಗಾರರಾದ ಜಾಲಿಮರ ಊರಿನಿಂದ ಬಿಡಿಸೆಂದು ಮೊರೆಯಿಡುವ ದುರ್ಬಲ ಗಂಡಸರು, ಹೆಂಗಸರು, ಮಕ್ಕಳಿಗಾಗಿ ನೀವೇಕೆ ಹೋರಾಡುವುದಿಲ್ಲ ಎಂದು ಅದು ಕೇಳುತ್ತದೆ. ಜಗತ್ತಿನಾದ್ಯಂತ ಬಂದೂಕು ಹಿಡಿದ ಗುಂಪುಗಳು ಹಾರಿಸಿಕೊಂಡು ಹೋದದ್ದು ಇದನ್ನೇ. ಆದರೆ ಆ ವಚನದ ಅರ್ಥ ತಿಳಿಯಲು ಇರಾಕು, ಸಿರಿಯಾದವರೆಗೆ ಹೋಗಬೇಕಿಲ್ಲ. ನಮ್ಮ ಮಸೀದಿಗಳ ದರ್ಸ್‌ನಲ್ಲಿ ಪಾಠ ಹೇಳುವ ಒಂದು ಪುಸ್ತಕ ಸಾಕು.

ಆ ಪುಸ್ತಕದ ಹೆಸರು ಫತ್‌ಹುಲ್ ಮುಈನ್. 1575ರ ಸುಮಾರಿಗೆ ಮಲಬಾರಿನ ಪೊನ್ನಾನಿಯ ಝೈನುದ್ದೀನ್ ಮಖ್ದೂಮ್ ಎಂಬ ವಿದ್ವಾಂಸ ಅರಬಿಯಲ್ಲಿ ಬರೆದದ್ದು. ಶಾಫಿ ಪಂಥದ ಈ ಕಾನೂನು ಗ್ರಂಥವನ್ನು ಮಲಬಾರಿನಿಂದ ಇಂಡೋನೇಷ್ಯಾದವರೆಗೆ ಓದುತ್ತಾರೆ. ಘಟ್ಟ ಹತ್ತಿ ಬಂದ ಮಾಪಿಳ್ಳೆಗಳ ಜೊತೆ ಅದು ಕೊಡಗಿಗೂ ಬಂತು. ಅದರ ಜಿಹಾದ್ ಅಧ್ಯಾಯವನ್ನು ತೆರೆದರೆ ಓದುಗನಿಗೆ ಆಶ್ಚರ್ಯ ಕಾದಿದೆ. ಸಮುದಾಯದಲ್ಲಿ ಯಾರಾದರೂ ಮಾಡಲೇಬೇಕಾದ, ಯಾರೂ ಮಾಡದಿದ್ದರೆ ಎಲ್ಲರೂ ಪಾಪಕ್ಕೆ ಗುರಿಯಾಗುವ ಕರ್ತವ್ಯಗಳ ಪಟ್ಟಿ ಅಲ್ಲಿದೆ. ಅದರಲ್ಲಿ ಯುದ್ಧದ ಮಾತಿನ ಮಗ್ಗುಲಲ್ಲೇ, ಜೀವರಕ್ಷಣೆಗೆ ಹಕ್ಕುಳ್ಳ ಯಾವುದೇ ಮನುಷ್ಯನ ಕಷ್ಟ ಪರಿಹರಿಸುವುದು ಎಂಬ ಕರ್ತವ್ಯವೂ ಬರುತ್ತದೆ. ಹಸಿದವನಿಗೆ ಅನ್ನ, ಬಟ್ಟೆಯಿಲ್ಲದವನಿಗೆ ಬಟ್ಟೆ, ಕಾಯಿಲೆಯವನಿಗೆ ಮದ್ದಿನ ಖರ್ಚು. ಆ ಮನುಷ್ಯ ಮುಸ್ಲಿಮನೇ ಆಗಿರಬೇಕಿಲ್ಲ ಎಂದು ಗ್ರಂಥ ಸ್ಪಷ್ಟವಾಗಿ ಹೆಸರಿಸಿ ಹೇಳುತ್ತದೆ. ಇದು ಯಾರ ಮೇಲೆ ಬೀಳುವ ಹೊಣೆ? ವರ್ಷಕ್ಕೆ ಸಾಕಾಗಿ ಮಿಕ್ಕುವಷ್ಟು ಉಳ್ಳ ಪ್ರತಿಯೊಬ್ಬರ ಮೇಲೆ. ಜಕಾತ್ ಕೊಟ್ಟಾದ ಮೇಲೂ, ಬೊಕ್ಕಸ ಸಾಲದೆ ಬಂದಾಗ.

ಆಕ್ರಮಣಕಾರನನ್ನು ತಡೆಯುವ ಬಗ್ಗೆ ಶಾಫಿ ಗ್ರಂಥಗಳಲ್ಲಿ ಬೇರೆಯೇ ಪ್ರಕರಣವಿದೆ. ಅಲ್ಲಿನ ಕ್ರಮ ಬಹಳ ಸೂಕ್ಷ್ಮ. ಮಾತಿನಿಂದ ನಿಲ್ಲುವವನನ್ನು ಕೈಯಿಂದ ಮುಟ್ಟಬಾರದು, ಕೈಯಿಂದ ನಿಲ್ಲುವವನ ಮೇಲೆ ಕೋಲೆತ್ತಬಾರದು. ಕೂಗಿ ಜನ ಸೇರಿಸಿದರೆ ಸಾಕಾಗುವಾಗ ಅದಕ್ಕಿಂತ ಮುಂದೆ ಹೋಗಬಾರದು. ಮುಂದೆ ಹೋದರೆ ಹೋದವನೇ ತಪ್ಪಿತಸ್ಥ. ಆಕ್ರಮಣ ಮಾಡುವವನು ಮುಸ್ಲಿಮನಾದರೂ ಅವನನ್ನು ತಡೆಯಬಹುದು. ಇಮಾಮ್ ಗಝಾಲಿ ತಮ್ಮ ಇಹ್ಯಾ ಗ್ರಂಥದಲ್ಲಿ ಕೆಡುಕನ್ನು ತಡೆಯುವ ಹಂತಗಳನ್ನು ಹೀಗೆಯೇ ಮೆಟ್ಟಿಲು ಮೆಟ್ಟಿಲಾಗಿ ವಿವರಿಸಿದ್ದಾರೆ; ತಡೆಯಲು ಹೋಗಿ ದೊಡ್ಡ ಕೆಡುಕನ್ನು ತಂದಿಡುವವನಿಗೆ ಆ ಹಕ್ಕೇ ಇಲ್ಲ ಎಂದೂ ಹೇಳಿದ್ದಾರೆ. ಬೀದಿಯಲ್ಲಿ ನಿಂತು ತಾನೇ ಪೊಲೀಸ್, ತಾನೇ ನ್ಯಾಯಾಧೀಶ ಎಂದುಕೊಳ್ಳುವ ಯಾವ ಗುಂಪಿಗೂ, ಅದು ಯಾವ ಧರ್ಮದ ಹೆಸರು ಹೇಳಿದರೂ, ಈ ಗ್ರಂಥಗಳಲ್ಲಿ ಆಧಾರವಿಲ್ಲ.

ಮಖ್ದೂಮರು ಇನ್ನೊಂದು ಪುಸ್ತಕ ಬರೆದರು, ತುಹ್‌ಫತುಲ್ ಮುಜಾಹಿದೀನ್. ಅದನ್ನು ಅರ್ಪಿಸಿದ್ದು ನಮ್ಮ ಬಿಜಾಪುರದ ಸುಲ್ತಾನ ಅಲಿ ಆದಿಲ್ ಶಾಹನಿಗೆ. 1498ರಿಂದ ಮಲಬಾರ್ ತೀರದಲ್ಲಿ ಪೋರ್ಚುಗೀಸರು ನಡೆಸಿದ ಸುಲಿಗೆ, ಹಡಗು ಸುಡುವುದು, ಮಸೀದಿ ಕೆಡವುವುದು, ಹಜ್ ಯಾತ್ರಿಕರನ್ನು ತಡೆಯುವುದು ಇದೆಲ್ಲವನ್ನೂ ಅದು ದಾಖಲಿಸುತ್ತದೆ. ಆದರೆ ಆ ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆ ಭಾಗ. ಮುಸ್ಲಿಮರನ್ನು ಕಾಪಾಡಲು ತನ್ನ ಬೊಕ್ಕಸ ಬರಿದು ಮಾಡಿಕೊಂಡವನು ಕಲ್ಲಿಕೋಟೆಯ ಹಿಂದೂ ದೊರೆ ಸಾಮೂದಿರಿ ಎಂದು ಮಖ್ದೂಮರು ಕೃತಜ್ಞತೆಯಿಂದ ಬರೆಯುತ್ತಾರೆ. ನೆರವಿಗೆ ಬರಬೇಕಿದ್ದ ಮುಸ್ಲಿಂ ಸುಲ್ತಾನರ ಉದಾಸೀನವನ್ನು ನೋವಿನಿಂದ ಬರೆಯುತ್ತಾರೆ. ಮಲಬಾರಿನ ಹಿಂದೂ ಅರಸರ ಆಳ್ವಿಕೆಯಲ್ಲಿ ಜುಮಾ, ಈದ್ ನಡೆಯುವುದನ್ನೂ, ಖಾಜಿಗಳಿಗೆ ಸಂಬಳ ಸಲ್ಲುವುದನ್ನೂ ವಿವರಿಸುತ್ತಾರೆ. ಮರ್ದಿತರ ರಕ್ಷಕ ಯಾರು ಎಂಬುದಕ್ಕೆ 16ನೆಯ ಶತಮಾನದ ಒಬ್ಬ ಮೌಲವಿ ಕೊಟ್ಟ ಉತ್ತರ ಇಷ್ಟು ನಿಚ್ಚಳವಾಗಿದೆ. ಇದನ್ನು ನಮ್ಮ ಶಾಲೆಯ ಚರಿತ್ರೆ ಪಾಠದಲ್ಲಿ ಹೇಳುವುದಿಲ್ಲವೆಂಬುದು ನನ್ನ ಬಹುದಿನದ ಕೊರಗು.

ರಕ್ಷಣೆಯ ಹೆಸರಿನಲ್ಲಿ ನಡೆಯುವ ಅಕ್ರಮವನ್ನೂ ಕೊಡಗು ಕಂಡಿದೆ; ಆ ಕಥೆ ಇಲ್ಲಿನ ದೊರೆಗಳ ಅನ್ಯಾಯದಿಂದಲೇ ಶುರುವಾಗುತ್ತದೆ. ಓಂಕಾರೇಶ್ವರ ದೇವಸ್ಥಾನವನ್ನು ನೀವೆಲ್ಲ ನೋಡಿದ್ದೀರಿ. ನಡುವೆ ಗುಮ್ಮಟ, ನಾಲ್ಕು ಮೂಲೆಯಲ್ಲಿ ಮಿನಾರು. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು. ನಿರಪರಾಧಿ ಬ್ರಾಹ್ಮಣನೊಬ್ಬನನ್ನು ಕೊಲ್ಲಿಸಿದ ಪಾಪ ಕಾಡಿದ್ದರಿಂದ ಪ್ರಾಯಶ್ಚಿತ್ತವಾಗಿ ಕಾಶಿಯಿಂದ ಲಿಂಗ ತರಿಸಿ ಕಟ್ಟಿಸಿದನೆಂದು ಐತಿಹ್ಯ. ಮುಸ್ಲಿಂ ವಾಸ್ತುವಿನ ಗುಮ್ಮಟದಡಿ ಹಿಂದೂ ದೊರೆಯೊಬ್ಬನ ಪಶ್ಚಾತ್ತಾಪ ಕೂತಿದೆ. ಅವನ ಮಗ ಚಿಕವೀರರಾಜೇಂದ್ರನ ಕ್ರೌರ್ಯವನ್ನು ಮಾಸ್ತಿಯವರ ಕಾದಂಬರಿಯಿಂದ ಕನ್ನಡನಾಡೆಲ್ಲ ಬಲ್ಲದು. 1832ರಲ್ಲಿ ಅವನ ತಂಗಿ ದೇವಮ್ಮಾಜಿ, ಗಂಡ ಚನ್ನಬಸಪ್ಪ ಪ್ರಾಣಭಯದಿಂದ ಮೈಸೂರಿಗೆ ಓಡಿ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟನ ಆಶ್ರಯ ಪಡೆದರು. ಕಂಪನಿಗೆ ಬೇಕಾದದ್ದು ಅದೇ. ಪ್ರಜೆಗಳನ್ನು ದೊರೆಯ ದಬ್ಬಾಳಿಕೆಯಿಂದ ಬಿಡಿಸುತ್ತೇವೆಂದು ಸೈನ್ಯ ತಂದರು. 1834ರ ಏಪ್ರಿಲ್‌ನಲ್ಲಿ ಕರ್ನಲ್ ಫ್ರೇಸರ್ ಮಡಿಕೇರಿ ಕೋಟೆಯಲ್ಲಿದ್ದ. ಮೇ ತಿಂಗಳಿಗೆ ಕೊಡಗು ಕಂಪನಿಯ ಸ್ವತ್ತು, ಅದೂ ಪ್ರಜೆಗಳ ಇಚ್ಛೆಯಂತೆ ಎಂಬ ಘೋಷಣೆಯೊಡನೆ. ಮೂರೇ ವರ್ಷದಲ್ಲಿ ಆ ರಕ್ಷಕರ ವಿರುದ್ಧ ರೈತರು ದಂಗೆ ಎದ್ದರು. 1837ರ ಅಕ್ಟೋಬರ್ 31ರಂದು ಗುಡ್ಡೆಮನೆ ಅಪ್ಪಯ್ಯಗೌಡರನ್ನು ಇದೇ ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. ಒಂದು ಹಾನಿಯನ್ನು ಅಂಥದೇ ಇನ್ನೊಂದು ಹಾನಿಯಿಂದ ನಿವಾರಿಸಬಾರದು ಎಂಬುದು ಇಸ್ಲಾಮೀ ಕಾನೂನಿನ ಮೂಲಸೂತ್ರಗಳಲ್ಲೊಂದು. 1834ಕ್ಕೆ ಹಿಡಿದಂತೆಯೇ ಇಂದು ವಿಮಾನದಿಂದ ಬಾಂಬು ಹಾಕಿ ಜನರನ್ನು ಉದ್ಧರಿಸುತ್ತೇವೆನ್ನುವ ರಾಷ್ಟ್ರಗಳಿಗೂ ಅದನ್ನು ಹಿಡಿದು ನೋಡಬೇಕು.

ಇನ್ನೊಂದು ಮಾತನ್ನು ಮರೆಮಾಚಲಾರೆ. ಇಸ್ಲಾಮಿನ ವಿದ್ವಾಂಸರೆಲ್ಲ ಜಾಲಿಮನ ಎದುರು ನಿಂತವರಲ್ಲ. ಅರಾಜಕತೆಗಿಂತ ಕೆಟ್ಟ ಅರಸನೇ ವಾಸಿ ಎಂದು ತಲೆಬಾಗಿದವರು ಬಹಳ. ಎದುರು ನಿಂತವರು ಬೆಲೆ ತೆತ್ತರು. ಅಬೂ ಹನೀಫಾ ಖಲೀಫ ಮನ್ಸೂರನ ನ್ಯಾಯಾಧೀಶ ಪದವಿ ಒಲ್ಲೆನೆಂದು ಸೆರೆವಾಸ ಕಂಡರು. ಅಹ್ಮದ್ ಇಬ್ನ್ ಹಂಬಲ್ ಖಲೀಫನ ಸಿದ್ಧಾಂತ ಒಪ್ಪದೆ ಛಡಿಯೇಟು ತಿಂದರು. 680ರಲ್ಲಿ ಹುಸೇನರು ಕರ್ಬಲಾದಲ್ಲಿ ಪ್ರಾಣ ಕೊಟ್ಟ ಕಥೆಯನ್ನು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ದಿನ ಕನ್ನಡದಲ್ಲಿ ಹಾಡುತ್ತಾರೆ, ಹಾಡುವವರಲ್ಲಿ ಹಿಂದೂಗಳೇ ಹೆಚ್ಚಿರುವ ಊರುಗಳಿವೆ.

ಮನೆಯೊಳಗಿನ ದಬ್ಬಾಳಿಕೆಯ ವಿಷಯದಲ್ಲಂತೂ ವಿದ್ವಾಂಸರ ಮೌನ ದೊಡ್ಡದು. ಕುರ್‌ಆನ್‌ನ 58ನೆಯ ಅಧ್ಯಾಯ ಆರಂಭವಾಗುವುದೇ ಒಬ್ಬ ಹೆಂಗಸಿನ ದೂರಿನಿಂದ. ಖೌಲಾ ಎಂಬಾಕೆ ಗಂಡ ತನ್ನನ್ನು ಹಳೆಯ ಅರಬ್ ಪದ್ಧತಿಯಂತೆ ಒಂದು ಮಾತಾಡಿ ದೂರ ಮಾಡಿದ್ದನ್ನು ಪ್ರವಾದಿಗಳ ಮುಂದೆ ವಾದಿಸಿದಳು. ದೇವರು ಅವಳ ಅಳಲನ್ನು ಕೇಳಿದ ಎಂದು ಆ ಅಧ್ಯಾಯ ಹೇಳುತ್ತದೆ, ಆ ಪದ್ಧತಿಯನ್ನು ಖಂಡಿಸುತ್ತದೆ. ಎಷ್ಟೋ ವರ್ಷದ ಮೇಲೆ ಖಲೀಫ ಉಮರ್ ದಾರಿಯಲ್ಲಿ ನಿಂತು ಆ ಮುದುಕಿಯ ಮಾತನ್ನು ತಾಳ್ಮೆಯಿಂದ ಕೇಳಿಸಿಕೊಂಡರಂತೆ. ಇನ್ನು ಬಾನು ಮುಷ್ತಾಕರ ‘ಎದೆಯ ಹಣತೆ’ ಕಥೆ ನೋಡಿ. ಗಂಡ ಬಿಟ್ಟ ಮೆಹರುನ್ ಕೂಸನ್ನೆತ್ತಿಕೊಂಡು ತವರಿಗೆ ಬರುತ್ತಾಳೆ. ಅಣ್ಣಂದಿರು ಮನೆತನದ ಮರ್ಯಾದೆ ನೆನೆದು ಅವಳನ್ನು ಅದೇ ಗಂಡನ ಮನೆಗೆ ವಾಪಸು ಕರೆದೊಯ್ಯುತ್ತಾರೆ. ಕೊನೆಗೆ ಅವಳನ್ನು ಸಾವಿನಿಂದ ತಡೆಯುವುದು ಮಗಳು ಸಲ್ಮಾ. ಕೈ ತಡೆಯಬೇಕಿದ್ದ ಅಣ್ಣಂದಿರೇ ಮರ್ದಿತಳನ್ನು ತಿರುಗಿ ಒಪ್ಪಿಸಿದರು. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಲ್ಲಿ ನಾಲ್ಕು ದಶಕದ ಹಿಂದೆಯೇ ಈ ನೋವನ್ನು ಬರೆದರು. ಧರ್ಮಪೀಠಗಳು ಹೇಳಬೇಕಿದ್ದ ಮಾತನ್ನು ಕನ್ನಡದ ಈ ಇಬ್ಬರು ಹೆಂಗಸರು ಹೇಳಿದರು, ಬೈಗುಳ ತಿಂದರು. 2025ರ ಮೇ ತಿಂಗಳಲ್ಲಿ ಬಾನು ಅವರ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಅದನ್ನು ಹಂಚಿಕೊಂಡ ಅನುವಾದಕಿ ದೀಪಾ ಭಾಸ್ತಿ ನಮ್ಮ ಮಡಿಕೇರಿಯವರು. ಊರೆಲ್ಲ ಸಂಭ್ರಮಿಸಿತು. ಆ ಕಥೆಗಳನ್ನು ನಮ್ಮ ಜಮಾಅತ್‌ಗಳಲ್ಲಿ ಓದಿಸುವ ಕೆಲಸ ಆಗಬೇಕು.

ಕೊನೆಯದಾಗಿ, ಇವತ್ತಿನ ಕೊಡಗಿನಲ್ಲಿ ಮರ್ದಿತರು ಯಾರು?

ಅದನ್ನು ಗುರುತಿಸಲು ಮೊದಲು ದಬ್ಬಾಳಿಕೆಯ ಅರ್ಥ ನೋಡಬೇಕು. 1377ರಲ್ಲಿ ಟ್ಯೂನಿಸಿನ ಪಂಡಿತ ಇಬ್ನ್ ಖಲ್ದೂನ್ ಬರೆದ ಮುಖದ್ದಿಮ ಎಂಬ ಗ್ರಂಥದಲ್ಲಿ ದಬ್ಬಾಳಿಕೆಯಿಂದ ನಾಡು ಹಾಳಾಗುವ ಬಗ್ಗೆ ಒಂದು ಅಧ್ಯಾಯವಿದೆ. ಆಸ್ತಿ ಕಿತ್ತುಕೊಳ್ಳುವುದೊಂದೇ ದಬ್ಬಾಳಿಕೆಯಲ್ಲ, ಜನರಿಂದ ಬಿಟ್ಟಿ ದುಡಿಸಿಕೊಳ್ಳುವುದು ಅದರಲ್ಲಿ ಅತಿ ದೊಡ್ಡವುಗಳಲ್ಲೊಂದು. ಏಕೆಂದರೆ ಬಡವನಿಗೆ ದುಡಿಮೆಯೇ ಬಂಡವಾಳ ಎಂದು ಅವನು ವಾದಿಸುತ್ತಾನೆ. ಆರು ಶತಮಾನದ ಮೇಲೆ, 1982ರಲ್ಲಿ, ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದೂ ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ತೀರ್ಪು ಕೊಟ್ಟಿತು. ಟ್ಯೂನಿಸಿನ ಪಂಡಿತನೂ ದೆಹಲಿಯ ನ್ಯಾಯಮೂರ್ತಿಗಳೂ ಮುಟ್ಟಿದ್ದು ಒಂದೇ ಕಡೆಗೆ.

ಕೊಡಗಿನ ಕಾಫಿ ತೋಟಗಳ ಲೈನ್‌ಮನೆಗಳನ್ನು ಹತ್ತಿರದಿಂದ ನೋಡಿ. ಸಾಲಾಗಿ ಕಟ್ಟಿದ ಒಂದೊಂದು ಕೋಣೆ, ಮುಂದೆ ಕಿರಿದಾದ ಜಗಲಿ, ಹೊಗೆ ಹಿಡಿದ ಒಲೆ. ಎರವರು, ಪಣಿಯರು, ಜೇನುಕುರುಬರು ತಲೆಮಾರುಗಳಿಂದ ಇಂಥ ಕಡೆ ಇದ್ದಾರೆ. ಮದುವೆಗೆಂದೋ ಆಸ್ಪತ್ರೆಗೆಂದೋ ಸಾವುಕಾರರಿಂದ ಮುಂಗಡ ಪಡೆಯುತ್ತಾರೆ. ತೋಟದ ಲೆಕ್ಕ ಬರೆಯುವ ರೈಟರ ಪುಸ್ತಕದಲ್ಲಿ ಅದು ಏರುತ್ತದೆ, ದುಡಿದಷ್ಟೂ ತೀರುವುದಿಲ್ಲ; ತೀರುವ ತನಕ ಬೇರೆ ತೋಟಕ್ಕೆ ಹೋಗುವಂತಿಲ್ಲ. ವಾಸದ ಪತ್ರ ಬೇಕೆಂದರೆ ಅದು ತೋಟದ ಮಾಲೀಕನ ಜಾಗ. ಅವನು ಬರೆದುಕೊಡದಿದ್ದರೆ ಪಡಿತರ ಚೀಟಿಯೂ ಇಲ್ಲ, ಮತದಾರರ ಪಟ್ಟಿಯಲ್ಲಿ ಹೆಸರೂ ಇಲ್ಲ. ಇದರಿಂದ ಬಿಡಿಸಿಕೊಂಡು ತಮ್ಮದೇ ಸೂರು ಬೇಕೆಂದು ದಿಡ್ಡಳ್ಳಿಯ ಕಾಡಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದ 500ಕ್ಕೂ ಹೆಚ್ಚು ಕುಟುಂಬಗಳನ್ನು 2016ರ ಡಿಸೆಂಬರ್ ಚಳಿಯಲ್ಲಿ ಒಕ್ಕಲೆಬ್ಬಿಸಿದರು. ಅವರು ಜಗ್ಗದೆ ಹೋರಾಡಿದ ಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಪುನರ್ವಸತಿಯಾಯಿತು. ಅಂದು ಅವರ ಪಕ್ಕದಲ್ಲಿ ನಿಂತವರಲ್ಲಿ ದಲಿತ ಸಂಘಟನೆಗಳವರಿದ್ದರು, ಎಡಪಂಥದವರಿದ್ದರು. ನಮ್ಮ ಮಠ, ಮಸೀದಿ, ಇಗರ್ಜಿಗಳ ಪೀಠಸ್ಥರನ್ನು ಅಲ್ಲಿ ಹುಡುಕಬೇಕಾಗಿತ್ತು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಇದೇ ಸಂಸ್ಥೆಗಳು ಬಾಗಿಲು ತೆರೆದು ಸಂತ್ರಸ್ತರಿಗೆ ಊಟ-ವಸತಿ ಕೊಟ್ಟದ್ದನ್ನು ನಾಡೇ ಕೊಂಡಾಡಿತು, ಕೊಂಡಾಡಬೇಕಾದದ್ದೇ. ಗುಡ್ಡದ ಎದುರು ಯಾರ ಮುಲಾಜೂ ಇರಲಿಲ್ಲ. ದಿಡ್ಡಳ್ಳಿಯಲ್ಲಿ ತೋಟದ ಮಾಲೀಕರ ಮುಲಾಜಿತ್ತು.

ಎರವರು ಬಿಟ್ಟ ಲೈನ್‌ಮನೆಗಳಲ್ಲಿ ಈಗ ಅಸ್ಸಾಮಿನಿಂದ ಬಂದವರಿದ್ದಾರೆ, ಅವರಲ್ಲಿ ಮುಸ್ಲಿಮರೂ ಇದ್ದಾರೆ. 2020ರ ಜನವರಿಯಲ್ಲಿ ದಾಖಲೆ ತಪಾಸಣೆಗೆಂದು ಅವರನ್ನು ಸಾವಿರಗಟ್ಟಲೆ ಕರೆಸಿ ಸಾಲಾಗಿ ನಿಲ್ಲಿಸಿದರು. ಅಂದು ನಮ್ಮ ಮುಸ್ಲಿಂ ಮುಖಂಡರು ಮರುಗಿದರು, ಸರಿಯೇ. ಆದರೆ ಅದೇ ಮರುಕ ಎರವರ ಹುಡುಗಿಗೂ ಸಲ್ಲಬೇಕೆಂದು ಫತ್‌ಹುಲ್ ಮುಈನ್ ಹೇಳುತ್ತದೆ. ಮುಸ್ಲಿಂ ಮಾಲೀಕನ ತೋಟದಲ್ಲಿ, ಮುಸ್ಲಿಂ ಗುತ್ತಿಗೆದಾರನ ಕೈಕೆಳಗೆ ಕೂಲಿ ಮುರಿದುಕೊಂಡರೆ ಅದನ್ನು ತಡೆಯುವ ಮೊದಲ ಹೊಣೆ ಅವನ ಮಸೀದಿಯ ಖತೀಬರದು, ಜಮಾಅತ್ ಅಧ್ಯಕ್ಷರದು ಎಂದು ನಾನು ಒತ್ತಾಯಿಸುತ್ತೇನೆ. ಕೂಲಿಯವನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ ಬೋಧನೆಯನ್ನು ಮಸೀದಿಯ ಮಿಂಬರಿನಿಂದ ಹೇಳುವುದು ಸುಲಭ. ಮುಂದಿನ ಸಾಲಿನಲ್ಲಿ ಕೂತ ಸಾವುಕಾರರ ಕಡೆ ನೋಡಿ ಹೇಳಬೇಕು. ಕೊಡವ, ಗೌಡ, ಕ್ರೈಸ್ತ ಮಾಲೀಕರ ತೋಟಗಳ ಬಗ್ಗೆ 1785ರ ಹಳೆಯ ಗಾಯ ಎತ್ತದೆ ಅವರವರ ಹಿರಿಯರೇ ಇದನ್ನು ಮಾಡಲಿ ಎಂದು ಕೈಮುಗಿದು ಕೇಳುತ್ತೇನೆ.

ಅರೇಬಿಕಾ ಕೊಯ್ಲು ನವೆಂಬರಿನಲ್ಲಿ ಶುರುವಾಗುತ್ತದೆ. ಅದಕ್ಕೆ ಮೊದಲು ನಿಮ್ಮ ತೋಟದ ಲೈನ್‌ಮನೆಯಲ್ಲಿರುವವರಿಗೆ ವಾಸದ ಪತ್ರ ಬರೆದುಕೊಡಿ. ಜೀತದ ಸುಳಿವು ಸಿಕ್ಕರೆ ಜಿಲ್ಲಾಧಿಕಾರಿಗಳಿಗೆ, ತಹಶೀಲ್ದಾರರಿಗೆ ತಿಳಿಸಿ. ಜಿಲ್ಲೆಯ ಜಾಗೃತಿ ಸಮಿತಿ ಇರುವುದೇ ಅದಕ್ಕಾಗಿ. ಲೈನ್‌ಮನೆಯ ಜನರಿಗೆ ಒಂದು ಸಂಗತಿಯನ್ನು ಅವರ ಭಾಷೆಯಲ್ಲೇ ಹೇಳಿ: 1976ರ ಜೀತಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಜೀತಕ್ಕೆ ಕಟ್ಟಿಹಾಕಿದ ಸಾಲ ಆಗಲೇ ಮನ್ನಾ ಆಗಿದೆ, ಅದನ್ನು ಅವರು ಯಾರಿಗೂ ತೀರಿಸಬೇಕಾಗಿಲ್ಲ.